ಬೀಳಲು ಕಲಿಸಿದ ಸರ್

ನಾನು ಮಹಾರಾಷ್ಟ್ರದ ಗಡಿಯ ಜತ್ತಿನಲ್ಲಿ ಹನ್ನೊಂದನೇ ಇಯತ್ತೆಗೆ ಸೇರಿದ ವರ್ಷ ನಮ್ಮ ಕಾಲೇಜಿಗೆ ಹೊಸ ಫುಟ್‌ಬಾಲ್ ಕೋಚ್ ಬಂದರು. ಕೊಲ್ಹಾಪುರದ ಕಡೆಯವರು. ಅಲ್ಲಿ ಪಂದ್ಯವಿದ್ದ ದಿನ ಮಂದಿ ಅಂಗಡಿಯ ಬಾಗಿಲು ಹಾಕಿ ಮೈದಾನಕ್ಕೆ ಹೋಗುತ್ತಾರೆ. ನಮ್ಮಲ್ಲಿ ಚೆಂಡಿಗೆ ಗಾಳಿ ಹಾಕುವ ಪಂಪನ್ನು ಕೂಡ ಸೈಕಲ್ ಅಂಗಡಿಯಿಂದ ಬೇಡಿ ತರಬೇಕಾಗಿತ್ತು. ಅಂಥ ಕಡೆ ಬಿಟ್ಟು ನಮ್ಮ ಮುರುಮಿನ, ಬರೀ ಗರಸುಕಲ್ಲಿನ ಮೈದಾನಕ್ಕೆ ಒಬ್ಬರು ಯಾಕೆ ಬರುತ್ತಾರೆ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವನು ನನ್ನ ಮಾಮಾ.

"ಚಲೋ ಕೆಲಸಗಾರ ತನ್ನ ಜಾಗಾ ಬಿಟ್ಟ ಬರೂದಿಲ್ಲವಾ. ಅಲ್ಲಿ ಏನರ ಒಂದ ಆಗಿರ್ತೈತಿ."

ಮಾಮಾ ನನ್ನ ಅವ್ವನ ತಮ್ಮ. ಜತ್ತಿನಲ್ಲಿ ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ರೈತರು ಮೋಟಾರು ತಂದು ಹೀಗಾಯಿತು, ಹಾಗಾಯಿತು ಎಂದು ಹೇಳಿದ್ದನ್ನು ಅವನು ಎಂದೂ ನಂಬಿದವನಲ್ಲ. ಬಿಚ್ಚಿ, ಒಳಗಿನ ತಂತಿಯನ್ನು ಮೂಗಿಗೆ ಹಿಡಿದು, ಸುಟ್ಟ ವಾಸನೆ ತಾನೇ ನೋಡಬೇಕು. ಕನ್ಯೆ ನೋಡಲು ಹೋದಲ್ಲೂ ಇದೇ ಬುದ್ಧಿ. ಹೋದ ಮನೆಯಲ್ಲೆಲ್ಲ ಏನಾದರೊಂದು ಅನುಮಾನ ಹೆಕ್ಕಿಕೊಂಡು ಬರುತ್ತಿದ್ದ. ಹೀಗಾಗಿ ಮದುವೆಯಾಗಿರಲಿಲ್ಲ. ಆ ಮನೆಯಲ್ಲಿ ಅವನು, ಅವನ ತಾಯಿ ಅಂದರೆ ನನ್ನ ಆಯಿ, ಮತ್ತು ನಾನು ಮೂವರೇ ಇರುತ್ತಿದ್ದೆವು. ನನ್ನ ಊರು ದರಿಬಡಚಿ. ಅಪ್ಪ ಅವ್ವ ದಸರೆ ಮುಗಿದ ಮೇಲೆ ಕೂಲಿಯವರ ಟೋಳಿಯ ಜೊತೆ ಕಬ್ಬು ಕಡಿಯಲು ಹೋದರೆ ಬೇಸಿಗೆ ಹತ್ತಿದ ಮೇಲೇ ಬರುವವರು. ಅದಕ್ಕೇ ನನ್ನನ್ನು ಓದಲು ಇಲ್ಲಿ ಬಿಟ್ಟಿದ್ದರು.

ಕೋಚ್ ಸರ್ ಮರಾಠಿಯಲ್ಲೇ ಮಾತಾಡುತ್ತಿದ್ದರು. ನಮಗೆ ಅದು ಪರಕೀಯವಲ್ಲ, ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ ಎಂದೇ ಬೆಳೆದವರು ನಾವು. ಇಲ್ಲಿ ಅವರ ಮಾತನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಯಾಕೆಂದರೆ ನನ್ನ ತಲೆಯಲ್ಲಿ ಅವು ಹಾಗೇ ಉಳಿದಿವೆ.

ಮೊದಲ ದಿನ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖದ ಕಡೆ ಮೆಲ್ಲಗೆ ಚೆಂಡು ಎಸೆದರು. ಎಲ್ಲರೂ ಕಣ್ಣು ಮುಚ್ಚಿದರು, ಇಲ್ಲವೇ ಮುಖ ಹೊರಳಿಸಿದರು. ನಾನು ಕಣ್ಣು ತೆರೆದೇ ಇದ್ದೆನಂತೆ. "ನೀ ಗೋಲದಾಗ ನಿಂದ್ರು," ಎಂದರು. ನನಗೆ ಅದು ಶಿಕ್ಷೆಯೆನ್ನಿಸಿತು. ಓಡಲು ಬರದವರನ್ನು ಗೋಲಿನಲ್ಲಿ ನಿಲ್ಲಿಸುತ್ತಾರೆ ಎಂಬುದು ನಮ್ಮ ತಿಳಿವಳಿಕೆ. ಬಿಳೂರಿನ ಇನ್ನೊಬ್ಬ ಹುಡುಗಿಯನ್ನು ಎರಡನೇ ಕೀಪರ್ ಎಂದು ಆರಿಸಿದರು. ಅವಳು ನನಗಿಂತ ಗಿಡ್ಡ, ಆದರೆ ಕೈ ಚುರುಕು.

ಆಮೇಲೆ ಶುರುವಾಯಿತು ಕಲಿಕೆ. ಕಲಿಕೆ ಎನ್ನುವುದೇ ತಪ್ಪೇನೋ. ವಾರಗಟ್ಟಲೆ ಅವರು ನಮ್ಮಿಬ್ಬರನ್ನೂ ನೆಲದ ಮೇಲೆ ಕೂಡ್ರಿಸಿದರು. ಕಾಲು ಚಾಚಿ ಕೂತು, ಎದೆಗೆ ಚೆಂಡು ಹಿಡಿದು, ಪಕ್ಕಕ್ಕೆ ಉರುಳಬೇಕು. ಅಷ್ಟೇ. ಎಡಕ್ಕೆ, ಬಲಕ್ಕೆ. ಹೊಟ್ಟು ತುಂಬಿದ ಗೋಣಿಚೀಲಗಳನ್ನು ಹಾಸಿ ಅದರ ಮೇಲೆ ಉರುಳಿಸುತ್ತಿದ್ದರು. ಆಮೇಲೆ ಮೊಣಕಾಲ ಮೇಲೆ ನಿಂತು ಉರುಳುವುದು, ಆಮೇಲೆ ಕುಕ್ಕರಗಾಲಲ್ಲಿ. ಮೊದಲು ನೆಲಕ್ಕೆ ತಾಗಬೇಕಾದದ್ದು ಮೀನಖಂಡದ ಹೊರಬದಿ, ಆಮೇಲೆ ತೊಡೆ, ಪಕ್ಕೆ, ಕೊನೆಗೆ ಭುಜದ ಹಿಂಬದಿ. ಮೊಣಕೈ ಮಾತ್ರ ಎಂದಿಗೂ ತಾಗಕೂಡದು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಮೇಲೆ. ಮೂರನೇ ಕೈ ನೆಲ. ಹಾಗೆ ಹೇಳುತ್ತಿದ್ದರು.

ನಾನು ಮೊಬೈಲಿನಲ್ಲಿ ದೊಡ್ಡ ದೊಡ್ಡ ಕೀಪರುಗಳು ಗಾಳಿಯಲ್ಲಿ ಹಾರುವುದನ್ನು ನೋಡುತ್ತಿದ್ದೆ. ಇಲ್ಲಿ ನೋಡಿದರೆ ಆಡುವ ಕೂಸಿನಂತೆ ಉರುಳಾಟ. ಒಂದು ದಿನ ಕೇಳಿಯೇಬಿಟ್ಟೆ.

"ಸರ್, ಡೈವ್ ಯಾವಾಗ ಕಲಸ್ತೀರಿ?"

"ಬೀಳಾಕ ಬಂದ ಮ್ಯಾಲ."

"ಬೀಳಾಕ ಯಾರಿಗೆ ಬರೂದಿಲ್ರಿ?"

"ಯಾರಿಗೂ ಬರೂದಿಲ್ಲ. ಬೀಳೂ ಮುಂದ ಎಲ್ಲಾರೂ ಕೈ ಊರತಾರ. ಕೈ ಊರಿದ್ರ ಮಣಿಕಟ್ಟ ಹೋಗ್ತೈತಿ, ಇಲ್ಲಾ ಭುಜದ ಎಲುಬ ಮುರೀತೈತಿ. ಮೈಗೆ ಅದನ್ನ ಮರಸಬೇಕು. ಅದಕ್ಕ ಟೈಮ್ ಹಿಡೀತೈತಿ."

ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ತಾವು ಒಂದು ಸಲವೂ ಡೈವ್ ಮಾಡಿ ತೋರಿಸಲಿಲ್ಲ. ನಮ್ಮ ಡಿಫೆನ್ಸಿನ ನಡುವೆ ಆಡುತ್ತಿದ್ದ ಕುಣಿಕೋಣೂರಿನ ಗೆಳತಿ, "ಸರ್‌ಗ ಬರೂದಿಲ್ಲ, ಅದಕ್ಕ ಕಲಸೂದಿಲ್ಲ," ಎಂದಳು. ನನಗೂ ಹಾಗೇ ಅನ್ನಿಸತೊಡಗಿತು. ಇನ್ನೊಂದು, ನಾನು ಹುರುಪಿನಲ್ಲಿರುವಾಗಲೇ ಅವರು ಆಟ ನಿಲ್ಲಿಸುತ್ತಿದ್ದರು. ಇನ್ನಷ್ಟು ಚೆಂಡು ಹೊಡೆಯಿರಿ ಎಂದರೆ, "ದಣದ ಕೀಪರ್ ಮೊಣಕೈ ಮ್ಯಾಲ ಬೀಳತಾಳ," ಎಂದು ಸೀಟಿ ಊದಿ ಮನೆಗೆ ಕಳಿಸುತ್ತಿದ್ದರು. ಬಿಳೂರಿನ ಹುಡುಗಿಗೆ ಮಾತ್ರ ಹೆಚ್ಚು ಹೊತ್ತು ಕಲಿಸುತ್ತಾರೆ ಎಂದು ನನಗೆ ಅನುಮಾನ. ಅಳೆದು ನೋಡಿದವಳಲ್ಲ, ಅನುಮಾನ ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಮಾಮಾ ಸುದ್ದಿ ತಂದ. ಅಂಗಡಿಗೆ ಮೋಟಾರು ತಂದ ಗಿರಾಕಿಯೊಬ್ಬನ ಬೀಗರು ಕೊಲ್ಹಾಪುರದ ಕಡೆ ಇದ್ದರಂತೆ. ಅವರು ಹೇಳಿದ್ದು ಇದು: ಈ ಕೋಚ್ ಮೊದಲು ಅಲ್ಲೊಂದು ಸಾಲೆಯಲ್ಲಿದ್ದರು, ಇವರ ಕೈಕೆಳಗೆ ಆಡುತ್ತಿದ್ದ ಕೀಪರ್ ಹುಡುಗನೊಬ್ಬನಿಗೆ ಜೋರು ಪೆಟ್ಟಾಯಿತು, ಅದಾದ ಮೇಲೆ ಇವರು ಆ ಸಾಲೆ ಬಿಟ್ಟರು.

"ನಾ ಹೇಳಿದ್ನಿಲ್ಲ?" ಎಂದ ಮಾಮಾ, ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದೆ. "ಕೀಪರ್ ಅಂತ. ಬ್ಯಾರೆ ಯಾರರ ಅಲ್ಲ. ಕೀಪರ್."

ಆಯಿ, "ಆಟಾ ಬಿಟ್ಟಬಿಡು," ಎಂದಳು. ನಾನು ಬಿಡಲಿಲ್ಲ. ಆದರೆ ಆ ದಿನದಿಂದ ಅವರು ಮಾಡಿದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಪ್ರತಿ ಸಂಜೆ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ, ನೋವು ಎಲ್ಲಿದೆ ಎಂದು ಕೇಳುತ್ತಿದ್ದರು. ಒತ್ತುವಾಗ ಅವರ ಕಣ್ಣು ಬೆರಳಿನ ಮೇಲೆ ಇರುತ್ತಿರಲಿಲ್ಲ, ನನ್ನ ಮುಖದ ಮೇಲೆ ಇರುತ್ತಿತ್ತು. ನನ್ನನ್ನು ಟೀಮಿನಿಂದ ತೆಗೆಯಲು ನೆಪ ಹುಡುಕುತ್ತಿದ್ದಾರೆ ಎಂದುಕೊಂಡೆ. ಹೆಬ್ಬೆರಳು ಬಾತಿದ್ದ ದಿನವೂ ಮುಖದ ಒಂದು ಗೆರೆ ಕದಲಿಸದೆ, "ಎಲ್ಲೂ ಇಲ್ರಿ ಸರ್," ಎಂದೆ. ಅವರು ನಂಬಲಿಲ್ಲ. ಅವತ್ತು ನನಗೆ ಚೆಂಡು ಕೊಡಲೇ ಇಲ್ಲ, ಬರೀ ಕಾಲ ಹೆಜ್ಜೆ ಹಾಕಿಸಿದರು. ಅವರಿಗೆ ನನ್ನ ಮೇಲೆ ನಂಬಿಕೆಯಿಲ್ಲ, ನನಗೆ ಅವರ ಮೇಲಿಲ್ಲ. ಹೀಗೇ ದಸರೆ ಬಂತು.

ದಸರೆಯ ಮೇಲೆ ಬಿಳೂರಿನ ಹುಡುಗಿ ಬರುವುದು ನಿಂತಿತು. ಅವಳ ಮನೆಯವರು ಕಬ್ಬಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿದ್ದರು. ಉಳಿದ ಕೀಪರ್ ನಾನೊಬ್ಬಳೇ.

ದೀಪಾವಳಿ ಸೂಟಿ ಮುಗಿದ ಮೇಲೆ ಸಾಂಗಲಿಯ ಕಡೆ ಒಂದು ಟೂರ್ನಮೆಂಟ್ ಇತ್ತು. ಮಾಮಾ ಅಂಗಡಿ ಮುಚ್ಚಿ ನಮ್ಮ ಜೀಪಿನಲ್ಲೇ ಬಂದ. ಆಟ ನೋಡಲು ಅಲ್ಲ, ಕೋಚ್ ಸರ್ ಅವರನ್ನು ನೋಡಲು. ನಾವು ಬೂಟು ಕಟ್ಟಿಕೊಳ್ಳುವಾಗ ಬಂದು ನನ್ನ ಪಕ್ಕ ಬಗ್ಗಿ ಕೂತ.

"ಅಲ್ಲಿ ನೋಡ. ನಿಮ್ಮ ಸರ್ ಆ ಟೀಮಿನ ಕೋಚ್ ಜೋಡಿ ಚಹಾ ಕುಡ್ಯಾಕತ್ತಾನ. ಹೆಗಲ ಮ್ಯಾಲ ಕೈ ಬ್ಯಾರೆ. ಹಳೇ ದೋಸ್ತಿ ಐತಿ ಅವ್ರದು."

ನೋಡಿದೆ. ಇಬ್ಬರೂ ನಗುತ್ತಿದ್ದರು. ನಮ್ಮ ಜೊತೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆ ಮೈದಾನದಲ್ಲಿ ಹುಲ್ಲಿತ್ತು. ಜೀವನದಲ್ಲಿ ಮೊದಲ ಸಲ ಹುಲ್ಲಿನ ಮೇಲೆ ಆಡುತ್ತಿದ್ದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಎಡಗಡೆ ಬಂದ ಚೆಂಡಿಗೆ ಮೈ ಚೆಲ್ಲಿದೆ. ಮೀನಖಂಡ, ತೊಡೆ, ಪಕ್ಕೆ, ಭುಜ ಒಂದರ ಹಿಂದೊಂದು ಮೆತ್ತಗೆ ಇಳಿದು, ಚೆಂಡು ನನ್ನ ಎರಡು ಕೈ ಮತ್ತು ನೆಲದ ನಡುವೆ ಸಿಕ್ಕಿಬಿದ್ದಿತ್ತು. ಗಾದಿಯ ಮೇಲೆ ಬಿದ್ದಂತಿತ್ತು. ಆ ಸುಖಕ್ಕೆ ಇನ್ನೊಂದು ಸಲ ಬೀಳಬೇಕೆನ್ನಿಸಿತು. ಮೊದಲ ಗೋಲು ನಾವೇ ಹೊಡೆದೆವು. ಇಂಟರ್ವಲ್ಲಿನಲ್ಲಿ ಎಲ್ಲರೂ ಕಿತ್ತಳೆ ಹಣ್ಣು ತಿಂದೆವು. ಆಮೇಲೆ ಮತ್ತೆ ಆಟ ಶುರುವಾದದ್ದು, ನಮ್ಮ ಡಿಫೆನ್ಸಿನ ನಡುವಿಂದ ಚೆಂಡು ಪುಟಿಯುತ್ತ ಬಂದದ್ದು, ಅದರ ಹಿಂದೆ ಅವರ ಎತ್ತರದ ಹುಡುಗಿ ಓಡಿಬಂದದ್ದು ನೆನಪಿದೆ. ನಾನೂ ಗೋಲು ಬಿಟ್ಟು ಓಡಿದೆ.

ಅದರ ನಂತರದ ನೆನಪೆಂದರೆ ಜೀಪು. ಗೆಳತಿಯ ತೊಡೆಯ ಮೇಲೆ ನನ್ನ ತಲೆ. ಕೈಯಲ್ಲಿ ಗ್ಲೋವ್ಸ್ ಇರಲಿಲ್ಲ. ಮುಂದಿನ ಸೀಟಿನಿಂದ ಕೋಚ್ ಸರ್ ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದರು.

"ಗೆದ್ವಿಲ್ರಿ?" ಎಂದು ಕೇಳಿದೆ.

ನಡುವೆ ನಡೆದದ್ದನ್ನು ನಾನು ಬೇರೆಯವರ ಬಾಯಿಂದ ಕೇಳಿದ್ದು. ಆ ಹುಡುಗಿಯ ಮೊಣಕಾಲು ನನ್ನ ತಲೆಗೆ ತಾಗಿತಂತೆ. ನಾನು ಕೂಡಲೇ ಎದ್ದು ನಿಂತೆನಂತೆ, ಕೈ ಎತ್ತಿ ಏನೂ ಆಗಿಲ್ಲ ಎಂದೆನಂತೆ, ಗೋಲ್‌ಕಿಕ್ ಕೂಡ ಹೊಡೆದೆನಂತೆ. ಆದರೂ ಸರ್ ಗೆರೆ ದಾಟಿ ಒಳಗೆ ಓಡಿಬಂದು, ರೆಫರಿಗೆ ಹೇಳಿ ಆಟ ನಿಲ್ಲಿಸಿ, ನನ್ನ ಕೈಯಿಂದ ಗ್ಲೋವ್ಸ್ ಎಳೆದು ತೆಗೆದು ನನ್ನನ್ನು ಹೊರಗೆ ಕರೆತಂದರಂತೆ. ಬೇರೆ ಕೀಪರ್ ಇರಲಿಲ್ಲವಲ್ಲ. ಕುಣಿಕೋಣೂರಿನ ಗೆಳತಿಯನ್ನೇ ಗೋಲಿನಲ್ಲಿ ನಿಲ್ಲಿಸಿದರು. ಅವಳು ಎರಡು ಗೋಲು ಬಿಟ್ಟಳು. ಸೋತೆವು.

ಮಿರಜಿನ ಒಂದು ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ತೆಗೆದರು. ಅದರಲ್ಲಿ ಏನೂ ಇರಲಿಲ್ಲ. ಡಾಕ್ಟರು, "ಮಿದುಳು ಒಳಗೆ ಅಲುಗಾಡಿದೆ, ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಸಂಪೂರ್ಣ ವಿಶ್ರಾಂತಿ ಬೇಕು," ಎಂದರು. ಮೊಬೈಲು ಬೇಡ, ಓದು ಬೇಡ, ಓಡುವುದಂತೂ ಬೇಡವೇ ಬೇಡ. ಗುಣವಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಮಾಮಾ ಬಾಯಿ ಬಿಟ್ಟ.

"ಸ್ಕ್ಯಾನಿನ್ಯಾಗ ಕಾಣೂದಿಲ್ಲಂತ. ಹಂಗಂದ್ರ ನಿಮ್ಮ ಸರ್‌ಗ ಹ್ಯಾಂಗ ಕಂಡ್ತು? ಪೋರಿ ಎದ್ದ ನಿಂತಾಳ, ಚೆಂಡ ಒದ್ದಾಳ. ನಾ ಕಣ್ಣಾರೆ ನೋಡೀನಿ. ಗೆಲ್ಲೂ ಆಟದಾಗಿಂದ ಹೊರಗ ತಗದ್ರು. ಆ ಕೋಚ್ ಜೋಡಿ ಚಹಾ ಕುಡದದ್ದ ಸುಮ್ನ ಅಲ್ಲ."

ನಾನೂ ಅದನ್ನೇ ನಂಬಿದೆ. ಎದ್ದು ನಿಂತವಳನ್ನು ಯಾಕೆ ತೆಗೆಯಬೇಕಿತ್ತು? ಹಾಗೆಂದು ಮೈಯಲ್ಲಿ ಏನೂ ಇರಲಿಲ್ಲ ಎಂದಲ್ಲ. ಕಿಟಕಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಆಯಿ ರೊಟ್ಟಿ ಬಡಿಯುವ ಸದ್ದಿಗೆ ತಲೆ ಸಿಡಿಯುತ್ತಿತ್ತು. ಹಗಲೆಲ್ಲ ನಿದ್ದೆ. ಆದರೆ ಅದನ್ನು ಸೋತ ಬೇಜಾರು ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಕಬ್ಬಿನ ಹೊಲದಿಂದ ಫೋನು ಮಾಡಿದಾಗ ಮಾಮಾ, "ಏನಿಲ್ಲಕ್ಕಾ, ಸ್ವಲ್ಪ ನೆಗಡಿ ಬಂದೈತಿ," ಎಂದು ನನ್ನ ಕಿವಿಗೆ ಫೋನು ಕೊಟ್ಟ. ನಾನೂ ನೆಗಡಿ ಎಂದೇ ಹೇಳಿದೆ.

ನಾಲ್ಕೈದು ದಿನದ ಮೇಲೆ ಗೆಳತಿ ನೋಡಲು ಬಂದಳು. ಬಾಗಿಲು ಅರ್ಧ ಮುಚ್ಚಿ ಕತ್ತಲೆ ಮಾಡಿಕೊಂಡಿದ್ದ ಕೋಣೆಯಲ್ಲಿ ನನ್ನ ಮಂಚದ ಮೇಲೆ ಕೂತಳು.

"ನಿನಗ ಖರೇನ ಏನೂ ನೆನಪಿಲ್ಲೇನ?" ಎಂದಳು. "ಗೋಲ್‌ಕಿಕ್ ಹೊಡೆದ ಮ್ಯಾಲ ನನ್ನ ಕರದು ಸ್ಕೋರ್ ಎಷ್ಟ ಅಂತ ಕೇಳಿದಿ. ಹೇಳಿದೆ. ಮತ್ತ ಅದನ್ನ ಕೇಳಿದಿ. ಮತ್ತೊಮ್ಮೆ ಕೇಳಿದಿ. ನಾನ ಓಡಿ ಹೋಗಿ ಸರ್‌ಗ ಹೇಳಿದೆ. ಅದಕ್ಕ ಅವ್ರು ಒಳಗ ಬಂದ್ರು."

ನಾನು ಅವಳ ಮುಖ ನೋಡಿದೆ. "ಹಿಂಗ ಹೇಳಂತ ಸರ್ ಹೇಳಿ ಕಳಸ್ಯಾರೇನ?"

ಅವಳು ಎದ್ದು ನಿಂತಳು. "ನಿನ್ನ ತಲಿಗೆ ಪೆಟ್ಟ ಬಿದ್ದೈತಂತ ಸುಮ್ನ ಹೊಂಟೀನಿ," ಎಂದು ಹೋಗಿಯೇಬಿಟ್ಟಳು. ನಾನು ಕರೆಯಲಿಲ್ಲ. ನನ್ನ ಬದುಕಿನ ಒಂದು ತುಂಡು ನನ್ನ ಬಳಿ ಇಲ್ಲ, ಬೇರೆಯವರ ಬಳಿ ಇದೆ. ಅವರು ಅದರಲ್ಲಿ ಏನು ಬೇಕಾದರೂ ತುಂಬಿ ಕೊಡಬಹುದು. ಆ ಯೋಚನೆ ನನ್ನನ್ನು ಹಣ್ಣುಮಾಡಿತು. ಮಾಮಾ ಹೇಳಿದ್ದನ್ನೂ ಪೂರ್ತಿ ನಂಬಲಾಗಲಿಲ್ಲ. ಆಟದ ಹೊತ್ತಿನಲ್ಲಿ ಅವನು ದೂರದ ಬೇಲಿಯ ಹತ್ತಿರ ನಿಂತಿದ್ದ.

ಮುಂದಿನ ವಾರ ಮಾಮಾ ನನ್ನನ್ನು ಕರೆದುಕೊಂಡು ಮೈದಾನಕ್ಕೆ ಹೋದ. ಸರ್ ಗೋಲುಗಂಬದ ಬುಡಕ್ಕೆ ಮರಳಿನ ಚೀಲ ಇಡುತ್ತಿದ್ದರು. ಕಂಬ ಮಗುಚಿ ಯಾರ ಮೇಲೂ ಬೀಳಬಾರದೆಂದು ದಿನಾಲೂ ಹಾಗೆ ಇಡುತ್ತಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಂಡು ಬಂದರು. ಮೊದಲು ನನ್ನ ಕಣ್ಣು ನೋಡಿದರು.

ಮಾಮಾ ಸುತ್ತು ಬಳಸಲಿಲ್ಲ. "ಸರ್, ನೀವು ಮೊದ್ಲ ಇದ್ದಲ್ಲಿ ಒಬ್ಬ ಕೀಪರ್‌ಗ ಪೆಟ್ಟ ಆಗಿತ್ತಂತ ಕೇಳೀನ್ರಿ. ಖರೆ ಏನ್ರಿ?"

"ಖರೆ ಐತ್ರಿ."

"ಮತ್ತ ಆ ಕೋಚ್ ನಿಮ್ಮ ದೋಸ್ತ?"

"ಅದೂ ಖರೆ. ಸಣ್ಣವರಿದ್ದಾಗ ಕೂಡಿ ಆಡೀವಿ."

ಮಾಮಾ ಇಲ್ಲ ಎಂಬ ಉತ್ತರಕ್ಕೆ ತಯಾರಾಗಿ ಬಂದಿದ್ದ. ಸರ್ ಕಂಬದ ಹತ್ತಿರವೇ ನೆಲದ ಮೇಲೆ ಕೂತರು. ನಾವೂ ಕೂತೆವು.

"ಆ ಹುಡುಗನೂ ಹಿಂಗ ಎದ್ದ ನಿಂತಿದ್ದ," ಎಂದರು. "ಪೆಟ್ಟ ತಲಿಗೆ ಬಿದ್ದಿತ್ತು. ಏನಾಗಿಲ್ರಿ ಸರ್ ಅಂದ. ನಾ ನಂಬಿದೆ. ನಂಬಿದ್ನೋ, ಅಥವಾ ಆಟ ಗೆಲ್ಲೂ ಹಂಗ ಇತ್ತಂತ ನಂಬೂದ ಬೇಕಾಗಿತ್ತೋ, ಈಗ ಹೇಳಾಕ ಆಗೂದಿಲ್ಲ. ಗೋಲದಾಗ ಹಂಗ ಬಿಟ್ಟೆ. ಸ್ವಲ್ಪ ಹೊತ್ತಿನ ಮ್ಯಾಲ ಇನ್ನೊಂದ ಪೆಟ್ಟ ಬಿತ್ತು. ಎರಡನೇದು ದೊಡ್ಡದೂ ಇರಲಿಲ್ಲ. ಆದ್ರ ಅವತ್ತಿನಿಂದ ಅಂವ ಮೊದಲಿನ ಹಂಗ ಆಗ್ಲಿಲ್ಲ. ಸಾಲಿ ಬಿಟ್ಟ. ಮನ್ಯಾಗ ಅದಾನ."

ನಾನು ಕೇಳಿದೆ. "ಮತ್ತ ನನಗ ಪೆಟ್ಟ ಯಾಕ ಬಿತ್ರಿ ಸರ್? ನಾ ಏನ್ ತಪ್ಪ ಮಾಡಿದೆ?"

"ನೀ ತಲಿ ಮುಂದ ಮಾಡಿ ಹೋದಿ. ಎದುರಿಗೆ ಬರಾವ್ರ ಕಾಲಿನ ಕಡೆ ಹೋಗೂ ಮುಂದ ಕೈ ಮುಂದ ಇರಬೇಕು, ಮೈ ಅಡ್ಡ ಗ್ವಾಡಿ ಹಂಗ ಉದ್ದಕ ಬೀಳಬೇಕು, ಮುಖ ಕೈ ಹಿಂದ ಇರಬೇಕು."

"ಅದನ್ನ ನೀವು ನನಗ ಕಲಿಸೇ ಇಲ್ಲಲ್ರಿ."

"ಇಲ್ಲ. ಕಲಿಸಿರಲಿಲ್ಲ. ಅಲ್ಲೀತನಾ ನೀ ಇನ್ನೂ ಬಂದಿರಲಿಲ್ಲ. ಇನ್ನೊಬ್ಬಾಕಿ ಇದ್ದಿದ್ರ ನಿನ್ನ ಆಟಕ್ಕ ಇಳಸ್ತಿರಲಿಲ್ಲ. ಆಕಿ ಹೋದ್ಲಂತ ಇಳಸಿದೆ."

"ಹಂಗಂದ್ರ ತಪ್ಪ ನಿಮ್ದ ಆತಲ್ರಿ," ಎಂದ ಮಾಮಾ.

"ನನ್ದ," ಎಂದರು ಸರ್.

ಮಾಮಾ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ಆ ಹುಡುಗನ ಊರ ಯಾವ್ದು ಹೇಳ್ರಿ. ನಾ ಹೋಗಿ ನೋಡ್ತೀನಿ." ಸರ್ ಊರು ಹೇಳಿದರು, ಮನೆಯ ಗುರುತೂ ಹೇಳಿದರು.

ಅವನು ಸುಮ್ಮನೆ ಹೇಳಿದ್ದಾನೆ ಎಂದುಕೊಂಡಿದ್ದೆ. ಆದರೆ ಮರುದಿನ ಬೆಳಗಾಗುತ್ತಲೇ ಮೋಟಾರ್‌ಸೈಕಲ್ ಹೊರಗೆ ತೆಗೆದ. ಮೋಟಾರು ದುರಸ್ತಿಗೆ ಬಂದವರು ಬೀಗ ನೋಡಿ ಮನೆಗೆ ಬಂದು ಕೇಳಿ ಹೋದರು. ಸಂಜೆ ಮುಖವೆಲ್ಲ ಧೂಳು ಮಾಡಿಕೊಂಡು ಬಂದ. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತ. ಆಯಿ ಚಹಾ ಕೊಟ್ಟಳು. ಅವನು ಸೀದಾ ನನ್ನ ಕಡೆ ನೋಡದೆ ಹೇಳಿದ.

"ಹುಡುಗ ಚಲೋ ಅದಾನ, ಎತ್ತರ. ಶೇಂಗಾ ಸುಲೀಕೋತ ಕುಂತಿದ್ದ. ಯಾವೂರ್ರಿ ಅಂದ. ಜತ್ತ ಅಂದೆ. ನಾ ಅವ್ರ ಅವ್ವನ ಜೋಡಿ ಎರಡ ಮಾತ ಆಡೂದ್ರಾಗ ಮತ್ತ ಯಾವೂರ್ರಿ ಅಂದ. ಹೇಳಿದೆ. ನಾ ಏಳೂತನಾ ಅಂವ ಅದನ್ನ ಕೇಳಿದ."

"ಅವ್ರ ಅವ್ವ ಏನಂದ್ಳು?" ಎಂದಳು ಆಯಿ.

"ಸರ್ ಹೇಳಿದ್ದೆಲ್ಲಾ ಖರೆ ಅಂದ್ಳು. ತಿಂಗಳಿಗೊಮ್ಮೆ ಬರ್ತಾರಂತ. ಅವ್ರು ಬಂದ್ರ ಹುಡುಗಗ ಖುಷಿ, ಅದಕ್ಕ ಚಹಾ ಮಾಡಿ ಕೊಡ್ತಾಳಂತ. ಆದ್ರ ಮಾತಾಡೂದಿಲ್ಲಂತ." ಮಾಮಾ ಬಸಿಯನ್ನು ಕೆಳಗಿಟ್ಟ. "ಬರೂ ಮುಂದ ಬಾಗಲತನಾ ಬಂದ ನನಗ ಕೈ ಮುಗದ್ಳು. ನಿಮ್ಮ ಹುಡುಗೀನ ಅವ್ರ ಕೈಯಾಗ ಕೊಡಬ್ಯಾಡ್ರಿ ಅಂದ್ಳು."

ಈಗ ನಮಗೆ ಎಲ್ಲ ಗೊತ್ತಾಗಿತ್ತು, ಆದರೂ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಸರ್ ಸುಳ್ಳು ಹೇಳಿದ್ದರೆ ಸುಲಭವಿತ್ತು. ಮಾಮಾ ಆಟ ಬೇಡ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಹಲವು ದಿನ ಮೋಟಾರು ಬಿಚ್ಚುತ್ತ, ತಂತಿ ಸುತ್ತುತ್ತ ಒಬ್ಬನೇ ಏನೋ ಅಂದುಕೊಳ್ಳುತ್ತಿದ್ದ. ಡಾಕ್ಟರು ಮತ್ತೆ ನೋಡಿ, ನಿಧಾನವಾಗಿ ಶುರುಮಾಡಬಹುದು ಎಂದ ಮೇಲೆ ಒಂದು ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, "ನಡಿ," ಎಂದ. ಮೈದಾನದ ಕಂಪೌಂಡಿನ ಗೋಡೆ ಹತ್ತಿ ಕೂತ.

"ನಾ ದಿನಾ ಬಂದ ಇಲ್ಲಿ ಕುಂದ್ರಾವ್ರಿ ಸರ್," ಎಂದು ಕೂಗಿ ಹೇಳಿದ. "ನಿಮ್ಮ ಮ್ಯಾಲ ನನಗ ನಂಬಿಗಿ ಇಲ್ಲ."

"ಕುಂದ್ರಿ," ಎಂದರು ಸರ್. "ನನಗೂ ಇಲ್ಲ."

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಮತ್ತೆ ಮೊದಲಿಂದ ಶುರುವಾಯಿತು. ಮೊದಲು ಬರೀ ನಡಿಗೆ. ಆಮೇಲೆ ಸಣ್ಣ ಓಟ, ತಲೆನೋವು ಬಂದರೆ ಅಲ್ಲಿಗೇ ಬಂದ್. ಆಮೇಲೆ ನಿಂತಲ್ಲೇ ಚೆಂಡು ಹಿಡಿಯುವುದು. ಅದಾದ ಮೇಲೆ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತು ಉರುಳುವುದು. ಉರುಳುವಾಗ ನಾನು ಒಂದು ಸಂಗತಿ ಕಂಡುಕೊಂಡೆ. ಚೆಂಡು ಹತ್ತಿರ ಬಂದಾಗ ನಾನೀಗ ಕಣ್ಣು ಮುಚ್ಚುತ್ತಿದ್ದೆ. ಸರ್ ಅದನ್ನು ಕಂಡು, ಗಾಳಿ ಕಮ್ಮಿ ಮಾಡಿದ ಮೆತ್ತನೆಯ ಚೆಂಡು ತಂದು, ನೆಲದ ಮೇಲೆ ಉರುಳಿಸತೊಡಗಿದರು. ಎದುರಿಂದ ಬರುವವಳ ಕಾಲಿನತ್ತ ಹೋಗುವುದನ್ನು ಕಲಿಸುವಾಗ ಕುಣಿಕೋಣೂರಿನ ಗೆಳತಿಯನ್ನೇ ಎದುರಿಗೆ ನಡೆದು ಬರಲು ಹೇಳಿದರು. ಓಡಿ ಅಲ್ಲ, ನಡೆದು. ಅವಳು ಆ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಚೆಂಡನ್ನು ತಳ್ಳುತ್ತ ಬಂದು, ನಾನು ಅಡ್ಡ ಬಿದ್ದು ಹಿಡಿದಾಗ ಮುಖ ಬೇರೆ ಕಡೆ ಮಾಡಿಕೊಂಡು ವಾಪಸು ಹೋಗುತ್ತಿದ್ದಳು.

ಒಂದು ಸಂಜೆ ಚೆಂಡು ನನ್ನ ಬೆರಳಿನ ತುದಿಗೆ ಬಡಿಯಿತು. ಸರ್ ಬಂದು ಕೇಳಿದಾಗ ಅಭ್ಯಾಸಬಲದಿಂದ, "ಏನಿಲ್ರಿ," ಎಂದೆ. ಗೋಡೆಯ ಮೇಲಿಂದ ಮಾಮಾ ಕೂಗಿದ. "ಸುಳ್ಳ ಹೇಳಾಕತ್ತಾಳ್ರಿ ಸರ್! ಕೈ ಜಾಡಿಸಿದ್ದ ನಾ ನೋಡೀನಿ!" ಸರ್ ನನ್ನನ್ನು ಆಟದಿಂದ ಹೊರಗೆ ಕೂಡ್ರಿಸಿದರು. ಮೊದಲ ಸಲ ಆ ಇಬ್ಬರೂ ಒಂದು ಮಾತಿಗೆ ಬಂದಿದ್ದರು, ಅದೂ ನನ್ನ ವಿರುದ್ಧ.

ಬಿಸಿಲು ಬಲಿತ ಮೇಲೆ ಅಪ್ಪ ಅವ್ವ ಕಬ್ಬಿನಿಂದ ಬಂದರು. ಅವ್ವ ದರಿಬಡಚಿಯ ಮನೆಗೂ ಹೋಗದೆ ಮೊದಲು ಜತ್ತಿಗೇ ಇಳಿದಳು. ಕೈಗಳ ಮೇಲೆಲ್ಲ ಕಬ್ಬಿನ ಎಲೆ ಕೊಯ್ದ ಗೀರುಗಳು. ಗಂಟು ಕೆಳಗಿಡುವ ಮೊದಲೇ ಮಾಮಾನನ್ನು ತರಾಟೆಗೆ ತೆಗೆದುಕೊಂಡಳು.

"ಏನ್ ಮುಚ್ಚಿಟ್ಟೀದಿ ಹೇಳು. ನೆಗಡಿ ಅಂದಿ ನೀ. ನೆಗಡ್ಯಾಗ ಯಾರರ ಹಂಗ ಮಾತಾಡತಾರೇನ?"

"ಹ್ಯಾಂಗ ಮಾತಾಡಿದ್ಳಕ್ಕಾ?" ಎಂದ ಮಾಮಾ.

"ಅವತ್ತ ಫೋನಿನ್ಯಾಗ, ಉಂಡೇನಬೇ ಅಂದ್ಳು. ಉಂಡೆ, ಝುಣಕಾ ರೊಟ್ಟಿ ಅಂದೆ. ಅಪ್ಪ ಎಲ್ಲಿ ಅಂದ್ಳು, ಗಾಡಿ ತುಂಬಾಕ ಹೋಗ್ಯಾನಂದೆ. ಮತ್ತ ಉಂಡೇನಬೇ ಅಂದ್ಳು. ಮತ್ತ ಅಪ್ಪ ಎಲ್ಲಿ ಅಂದ್ಳು. ಕೊಪ್ಪಿ ಗುಡಸಲ ಹೊರಗ ಕುಂತ ಇಡೀ ರಾತ್ರಿ ಅದನ್ನ ಯೋಚನಿ ಮಾಡೀನಿ. ಟೋಳಿ ಮುಕಾದಮ ಬಿಡ್ಲಿಲ್ಲ, ಇಲ್ಲಾಂದ್ರ ಅವತ್ತ ಬರ್ತಿದ್ದೆ."

ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ನೆಗಡಿ ಎಂದು ಹೇಳಿದ್ದು ನೆನಪಿತ್ತು. ಉಂಡೆಯಾ ಎಂದು ಕೇಳಿದ್ದೂ ನೆನಪಿತ್ತು, ಒಂದು ಸಲ. ಅವ್ವನಿಗೆ ಸರ್ ಗೊತ್ತಿಲ್ಲ, ಗೆಳತಿ ಗೊತ್ತಿಲ್ಲ, ಪಂದ್ಯ ನಡೆದದ್ದೇ ಗೊತ್ತಿಲ್ಲ. ಅವಳಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲು ಸಾಧ್ಯವಿರಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟೆ.

ಮರುದಿನ ಮೈದಾನದಲ್ಲಿ ಗೆಳತಿಯ ಹತ್ತಿರ ಹೋಗಿ, "ನಾ ಸ್ಕೋರ್ ಕೇಳಿದ್ದು ಖರೆ ಇರಬೇಕು," ಎಂದೆ. ಅವಳು ಬೂಟಿನ ದಾರ ಕಟ್ಟುತ್ತ, "ಎಷ್ಟ ಲಗೂನ ತಿಳೀತಲ್ಲ," ಎಂದಳು. ಅಷ್ಟಕ್ಕೆ ಮಾತು ಮತ್ತೆ ಶುರುವಾಯಿತು.

ಅವ್ವ ಆಟ ಬಿಡಿಸಲಿಲ್ಲ. ಒಂದು ದಿನ ಬಂದು ಮಾಮಾನ ಪಕ್ಕ ನಿಂತು ನೋಡಿದಳು. ನಾನು ಎಡಕ್ಕೆ ಬಲಕ್ಕೆ ಬೀಳುವುದನ್ನು, ಎದ್ದು ಮತ್ತೆ ಬೀಳುವುದನ್ನು ಬಹಳ ಹೊತ್ತು ನೋಡಿ, ಸರ್ ಅವರನ್ನು ತಲೆಯಿಂದ ಕಾಲಿನವರೆಗೆ ಅಳೆದು, ಊರಿಗೆ ಹೋದಳು.

ಮುಂದಿನ ವರ್ಷ ನಾವು ಅದೇ ಟೂರ್ನಮೆಂಟಿಗೆ ಹೋದೆವು. ಬಿಳೂರಿನ ಹುಡುಗಿ ಆ ಸಲ ಕಬ್ಬಿಗೆ ಹೋಗಿರಲಿಲ್ಲ. ಸರ್ ಅವಳ ಮನೆಗೆ ಹೋಗಿ ಮಾತಾಡಿ ಬಂದಿದ್ದರು, ಅವಳೂ ಗ್ಲೋವ್ಸ್ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಳು. ಸೆಮಿಫೈನಲ್ಲಿನಲ್ಲಿ ಒಬ್ಬಳು ನಮ್ಮವರನ್ನೆಲ್ಲ ದಾಟಿ ಒಬ್ಬಳೇ ಬಂದಳು. ನಾನು ಗೋಲು ಬಿಟ್ಟು ಹೊರಟೆ, ಕೈ ಮುಂದೆ, ಮೈ ಅಡ್ಡ. ಚೆಂಡು ಎದೆಗೆ ಸಿಕ್ಕಿತು. ಅವಳು ನನ್ನ ಮೇಲಿಂದ ಜಿಗಿದು ಹೋದಳು. ಎದ್ದು ನೋಡಿದರೆ ಸರ್ ಗೆರೆಯ ಒಳಗೆ ಅರ್ಧ ಮೈದಾನ ಓಡಿಬಂದುಬಿಟ್ಟಿದ್ದರು, ಅವರ ಹಿಂದೆ ಮಾಮಾ. ರೆಫರಿ ಇಬ್ಬರಿಗೂ ಬೈದು ಹೊರಗೆ ಕಳಿಸಿದರು. ಆ ಪಂದ್ಯದಲ್ಲಿ ಆಮೇಲೆ ಮೂರು ಗೋಲು ಬಿಟ್ಟೆ. ಅದರಲ್ಲೊಂದು ಪೂರ್ತಿ ನನ್ನದೇ ತಪ್ಪು. ಎತ್ತರದ ಚೆಂಡು, ತಡವಾಗಿ ಜಿಗಿದೆ, ಬೆರಳಿಗೆ ತಾಗಿ ಒಳಗೆ ಹೋಯಿತು. ಆ ಸಲವೂ ಸೋತೆವು. ಜೀಪಿನಲ್ಲಿ ಊರು ಮುಟ್ಟುವತನಕ ಅದರ ಬಗ್ಗೆಯೇ ಎಲ್ಲರೂ ನನ್ನನ್ನು ಬೈಯುತ್ತಿದ್ದರು, ನಾನು ಕಿಟಕಿಯ ಪಕ್ಕ ಕೂತು ಪ್ರತಿಯೊಂದಕ್ಕೂ ಎದುರುತ್ತರ ಕೊಡುತ್ತಿದ್ದೆ.